ಒಳಬಾಗಿಲ ಕಾವಲು

ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಅಂಥವನು ಎಚ್‌ಐವಿ ಎಂಬ ವೈರಸ್ಸಿನ ವಿಚಾರವಾಗಿ, ಅದರಲ್ಲೂ ಹೆಣ್ಣಿನ ಜನನಾಂಗದ ಜೀವಕೋಶಗಳ ವಿಚಾರವಾಗಿ ಮಾತನಾಡಲು ಹೊರಟಿರುವುದೇಕೆ ಎಂದು ಕೇಳುಗರು ಪ್ರಶ್ನಿಸಬಹುದು. ಅದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು.

ಆಕೆ ಕೊಳ್ಳೇಗಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತವಳು. ಈಗ ಹನೂರಿನ ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆ. ಎರಡು ವರ್ಷದ ಹಿಂದೆ ಒಂದು ಸಂಜೆ ಮನೆಗೆ ಬಂದು, "ಮೇಷ್ಟ್ರೆ, ಒಂದು ಮಾತಿಗೆ ಕನ್ನಡ ಬೇಕಾಗಿತ್ತು" ಎಂದಳು. "ಅದಕ್ಕೇನು ತಾಯಿ, ಕೇಳು" ಎಂದೆ. ಅವಳು ಹೇಳಿದ್ದು ಇಷ್ಟು. ಒಬ್ಬ ಬಸುರಿ ಹೆಣ್ಣುಮಗಳಿಗೆ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ತಿಳಿಯಿತು. ಗಂಡನನ್ನಲ್ಲದೆ ಬೇರೊಬ್ಬನನ್ನು ಅರಿಯದವಳು. ಸುದ್ದಿ ಮನೆಯಲ್ಲಿ ಹೇಗೋ ಹರಡಿತು. 'ಇದು ಅವಳ ಮೈಯಿಂದಲೇ ಹುಟ್ಟಿದ್ದು' ಎಂದು ಹಿರಿಯರು ತೀರ್ಪಿತ್ತರು. ಆ ಹೆಣ್ಣುಮಗಳು ಅಳಲಿಲ್ಲವಂತೆ, ವಾದಿಸಲೂ ಇಲ್ಲವಂತೆ. ನನ್ನ ಶಿಷ್ಯೆಯ ಕೈಹಿಡಿದು ಕೇಳಿದ್ದು ಒಂದೇ ಪ್ರಶ್ನೆ: "ನನ್ ಮೈ ಸುಮ್ನೆ ಬುಟ್ಕೊಡ್ತಾ ಅಕ್ಕಾ? ಅದು ಏನೂ ಮಾಡ್ನೇ ಇಲ್ವಾ?"

ಆ ಹೆಣ್ಣುಮಗಳ ಹೆಸರನ್ನು ನನ್ನ ಶಿಷ್ಯೆ ಹೇಳಲಿಲ್ಲ, ಊರನ್ನೂ ಹೇಳಲಿಲ್ಲ. ಹೇಳಬಾರದು, ನಾನೂ ಕೇಳಲಿಲ್ಲ. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ಉತ್ತರ ವಿಜ್ಞಾನಕ್ಕೆ ಬಹುಮಟ್ಟಿಗೆ ಗೊತ್ತಿದೆ. ಅದನ್ನು ಹನೂರಿನ ಒಂದು ಮನೆಯ ಜಗಲಿಯ ಮೇಲೆ ಕುಳಿತು ಹೇಳುವ ಕನ್ನಡ ಮಾತ್ರ ಸಿದ್ಧವಿರಲಿಲ್ಲ. ವೈದ್ಯಮಿತ್ರರನ್ನು ಕೇಳಿ, ಕೆಲವು ತಿಂಗಳು ಓದಿ, ನಾನು ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಎಚ್‌ಐವಿಯನ್ನು ಮೊದಲು ಗುರುತಿಸಿದ್ದು 1983ರಲ್ಲಿ, ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯ ವಿಜ್ಞಾನಿಗಳು. ನಮ್ಮ ದೇಶದಲ್ಲಿ ಅದು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಪತ್ತೆ ಮಾಡಿದವರು ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ಇಬ್ಬರೂ ಹೆಂಗಸರೇ. ಅವರು ಪರೀಕ್ಷಿಸಿದ್ದು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತವನ್ನು. ರೋಗ ಅಲ್ಲಿ ಮೊದಲು ಕಂಡಿತೆಂಬುದನ್ನು ಜನ ರೋಗ ಅಲ್ಲಿಯೇ ಹುಟ್ಟಿತೆಂದು ಓದಿಕೊಂಡರು. ಅಂದಿನಿಂದ ಹೆಣ್ಣಿನ ಮೈ ಈ ರೋಗದ ತೌರುಮನೆ ಎಂಬ ಕಲ್ಪನೆ ನಮ್ಮ ಮಾತಿನಲ್ಲಿ ಬೇರೂರಿದೆ. ಇಂದು ಜಗತ್ತಿನಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಹೆಂಗಸರು. ಗಂಡನನ್ನು ಬಿಟ್ಟು ಬೇರೊಬ್ಬರನ್ನು ಅರಿಯದೆ ಸೋಂಕು ಪಡೆದವರು ಅವರಲ್ಲಿ ಎಷ್ಟೋ ಮಂದಿ.

ಈಗ ಒಳಬಾಗಿಲಿನ ರಚನೆಯನ್ನು ನೋಡೋಣ. ನಮ್ಮ ಕೊಳ್ಳೇಗಾಲದ ನೇಕಾರರ ಮನೆಯ ಉಪಮೆಯನ್ನೇ ತೆಗೆದುಕೊಳ್ಳುತ್ತೇನೆ. ಯೋನಿಯ ಒಳಗೋಡೆಯೂ ಗರ್ಭಕೋಶದ ಕೊರಳಿನ ಹೊರಭಾಗವೂ ಒಂದರ ಮೇಲೊಂದು ಹಾಸಿದ ಹಲವು ಪದರಗಳ ಜೀವಕೋಶಗಳಿಂದ ಆಗಿವೆ. ಮಡಿಸಿಟ್ಟ ಸೀರೆಗಳ ಕಟ್ಟಿನಂತೆ. ಮೇಲಿನ ಪದರಗಳು ದಿನವೂ ಸವೆದು ಉದುರುತ್ತವೆ, ಅಡಿಯಿಂದ ಹೊಸವು ಏರಿಬರುತ್ತವೆ. ಆದರೆ ಗರ್ಭಕೋಶದ ಕೊರಳಿನ ಒಳದಾರಿಯಲ್ಲಿ ಇರುವುದು ಒಂದೇ ಒಂದು ಪದರ. ಅಲ್ಲಿ ಕೋಶಗಳು ಅಂಚಿಗೆ ಅಂಚು ಕೂಡಿಸಿ ಸೂಕ್ಷ್ಮವಾದ ಬಂಧಗಳಿಂದ ಬಿಗಿದುಕೊಂಡಿವೆ. ಆ ಬಂಧಕ್ಕೆ ನಾನು 'ಬಿಗಿಹೊಲಿಗೆ' ಎಂದು ಹೆಸರಿಟ್ಟುಕೊಂಡಿದ್ದೇನೆ. ಎರಡು ಬಗೆಯ ಪದರಗಳು ಸಂಧಿಸುವ ಜಾಗ ಕೋಟೆಯ ಮೂಲೆಯಿದ್ದಂತೆ. ಅಲ್ಲಿ ರಕ್ಷಣಾಕೋಶಗಳೂ ಹೆಚ್ಚು, ಅಪಾಯವೂ ಹೆಚ್ಚು.

ಈ ಗೋಡೆಗಿಂತ ಮುಂದೆ ಲೋಳೆಯ ಒಂದು ಕಂದಕವುಂಟು. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಗಳು ವಾಸವಾಗಿವೆ. ಹಾಲು ಮೊಸರಾಗುವಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನೇ ಅವೂ ತಯಾರಿಸುತ್ತವೆ. ಜೀವಕೋಶಗಳು ತಮ್ಮಲ್ಲಿ ಕೂಡಿಟ್ಟ ಸಕ್ಕರೆಯ ಸಂಗ್ರಹ ಅವುಗಳಿಗೆ ಆಹಾರ. ಪ್ರತಿಯಾಗಿ ಅವು ಮನೆಯನ್ನು ಹುಳಿಯಾಗಿಡುತ್ತವೆ. ಆ ಹುಳಿಯಲ್ಲಿ ವೈರಸ್ಸಿಗೆ ಬಾಳು ಕಷ್ಟ. ಹುಳಿಯಾದ ಲೋಳೆಯಲ್ಲಿ ಎಚ್‌ಐವಿ ಕಣಗಳು ಜೇಡರಬಲೆಗೆ ಬಿದ್ದ ನೊಣದಂತೆ ಸಿಕ್ಕಿಕೊಳ್ಳುತ್ತವೆ. ವೀರ್ಯಕ್ಕೆ ಆಮ್ಲವನ್ನು ಶಮನಗೊಳಿಸುವ ಗುಣವಿರುವುದರಿಂದ ಕೆಲವು ಗಂಟೆಗಳ ಕಾಲ ಈ ಕಾವಲು ಸಡಿಲವಾಗುತ್ತದೆ. ವೈರಸ್ಸಿಗೆ ಸಿಗುವ ಮೊದಲ ಅವಕಾಶ ಅದು.

ಲೋಳೆಯನ್ನು ದಾಟಿ ಬಂದ ವೈರಸ್ ಗೋಡೆಯನ್ನು ಮುಟ್ಟಿದಾಗ ಏನಾಗುತ್ತದೆ? ಬಹುಕಾಲ ವಿಜ್ಞಾನಿಗಳೂ ಈ ಜೀವಕೋಶಗಳನ್ನು ಬರಿಯ ಇಟ್ಟಿಗೆಗಳೆಂದೇ ಭಾವಿಸಿದ್ದರು. ಅದು ತಪ್ಪೆಂದು ಈಗ ತಿಳಿದಿದೆ. ಪ್ರತಿಯೊಂದು ಕೋಶದ ಮೈಮೇಲೂ ಪರಕೀಯವನ್ನು ಸ್ಪರ್ಶದಿಂದ ಗುರುತಿಸುವ ಅಣುಗಳಿವೆ. ಗುರುತಿಸಿದೊಡನೆ ಅವು ಮೂರು ಕೆಲಸ ಮಾಡುತ್ತವೆ. ಮೊದಲನೆಯದು, ವೈರಸ್ಸನ್ನು ನೇರವಾಗಿ ತಡೆಯುವ ಸಣ್ಣ ಪ್ರೋಟೀನುಗಳನ್ನು ಸುರಿಸುವುದು. ಎರಡನೆಯದು, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ವಸ್ತುವನ್ನು ಬಿಡುಗಡೆ ಮಾಡಿ ನೆರೆಯ ಕೋಶಗಳಿಗೆ 'ಬಾಗಿಲು ಭದ್ರಪಡಿಸಿಕೊಳ್ಳಿ' ಎಂದು ತಿಳಿಸುವುದು. ಇಂಟರ್‌ಫೆರಾನುಗಳಲ್ಲಿ ಎಪ್ಸಿಲಾನ್ ಎಂಬುದೊಂದು ಬಗೆಯುಂಟು. ಶತ್ರು ಬರಲಿ ಬಿಡಲಿ, ಹೆಣ್ಣಿನ ಜನನಾಂಗದ ಕೋಶಗಳು ಅದನ್ನು ಸದಾಕಾಲ ತಯಾರಿಸುತ್ತಲೇ ಇರುತ್ತವೆ. ಮೂರನೆಯದು, ರಕ್ತದಲ್ಲಿ ಸಂಚರಿಸುವ ರಕ್ಷಣಾಕೋಶಗಳನ್ನು ಕೂಗಿ ಕರೆಯುವುದು.

ನಮ್ಮ ಕಥೆಯ ದುರಂತ ಆರಂಭವಾಗುವುದು ಈ ಮೂರನೆಯ ಕೆಲಸದಲ್ಲಿ.

ಎಚ್‌ಐವಿ ಎಲ್ಲ ಕೋಶಗಳನ್ನೂ ಹೊಕ್ಕು ಬೆಳೆಯಲಾರದು. ಸಿಡಿ4 ಎಂಬ ಗುರುತನ್ನು ಹೊತ್ತ ಬಿಳಿ ರಕ್ತಕಣಗಳು, ಅಂದರೆ ನಮ್ಮ ರಕ್ಷಣಾಪಡೆಯ ದಳಪತಿಗಳೇ ಅದಕ್ಕೆ ಬೇಕು. ಗೋಡೆಯ ಕೋಶಗಳಲ್ಲಿ ಆ ಗುರುತಿಲ್ಲ. ಅಲ್ಲಿ ಅದು ವಂಶ ಬೆಳೆಸುವುದು ಕಷ್ಟ. ಮಲೆ ಮಹದೇಶ್ವರನ ಬೆಟ್ಟದ ಜಾತ್ರೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಜಾತ್ರೆಯಲ್ಲಿ ಯಾರೋ 'ಕಳ್ಳ, ಕಳ್ಳ' ಎಂದು ಕೂಗುತ್ತಾರೆ. ಸಹಾಯಕ್ಕೆಂದು ಜನ ಓಡಿಬಂದು ಮುತ್ತುತ್ತಾರೆ. ಆ ನೂಕುನುಗ್ಗಲೇ ಜೇಬುಗಳ್ಳನಿಗೆ ಸುಗ್ಗಿ. ಎಚ್‌ಐವಿ ಅಂಥ ಜೇಬುಗಳ್ಳ. ಗೋಡೆ ಕೂಗುತ್ತದೆ, ಸಿಡಿ4 ಕೋಶಗಳು ಓಡಿಬರುತ್ತವೆ, ಬಂದವರನ್ನೇ ವೈರಸ್ ಹಿಡಿಯುತ್ತದೆ.

ಇದು ನನ್ನ ಅಲಂಕಾರವಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಆ್ಯಶ್ಲಿ ಹಾಸೆ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಎಚ್‌ಐವಿಯ ದಾಯಾದಿಯಾದ ವೈರಸ್ಸೊಂದನ್ನು ಹೆಣ್ಣು ಕೋತಿಗಳಿಗೆ ಸೋಕಿಸಿದಾಗ, ಗರ್ಭಕೋಶದ ಕೊರಳಿನ ಕೋಶಗಳು ಕರೆಯ ವಸ್ತುವನ್ನು ಹೊರಸೂಸಿದವು. ಅದಕ್ಕೆ ಓಗೊಟ್ಟು ಒಂದು ಬಗೆಯ ರಕ್ಷಣಾಕೋಶಗಳು ಬಂದವು. ಅವು ಇನ್ನಷ್ಟು ಕರೆಗಳನ್ನು ಕಳಿಸಿದವು; ಆಗ ಬಂದವು ಸಿಡಿ4 ಕೋಶಗಳು. ಮೊದಲು ಸೋಂಕು ತಗುಲಿದ ಕೋಶಗಳು ಬೆರಳೆಣಿಕೆಯವು. ಈ ಹೊಸಬರ ನೆರವಿಲ್ಲದಿದ್ದರೆ ಆ ಕಿಡಿ ನಂದಿಹೋಗಬಹುದಾಗಿತ್ತು. ಕರೆಯನ್ನು ತಗ್ಗಿಸುವ ಗ್ಲಿಸರಾಲ್ ಮೋನೋಲಾರೇಟ್ ಎಂಬ, ಆಹಾರಪದಾರ್ಥಗಳಲ್ಲಿ ಬಳಸುವ ಸಾಮಾನ್ಯ ವಸ್ತುವನ್ನು ಮೊದಲೇ ಲೇಪಿಸಿದ್ದ ಕೆಲವು ಕೋತಿಗಳಲ್ಲಿ ವೈರಸ್ಸಿನ ಪ್ರಮಾಣ ಹೆಚ್ಚಾಗಿದ್ದರೂ ತೀವ್ರ ಸೋಂಕು ಕಾಣಿಸಲಿಲ್ಲ. ಕೋತಿಗೆ ಒಪ್ಪಿದ್ದೆಲ್ಲ ಮನುಷ್ಯರಿಗೆ ಒಪ್ಪಬೇಕೆಂದಿಲ್ಲ. ಆದರೆ ಸೂತ್ರ ಸ್ಪಷ್ಟವಾಯಿತು.

ಮರುವರ್ಷ, 2010ರಲ್ಲಿ, ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಚಾರು ಕೌಶಿಕ್ ಅವರ ತಂಡ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಶಸ್ತ್ರಚಿಕಿತ್ಸೆಗೊಳಗಾದ ಮಹಿಳೆಯರಿಂದ ದೊರೆತ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಒಂದು ಪದರವಾಗಿ ಬೆಳೆಸಿ, ಅದರ ಮೇಲೆ ಎಚ್‌ಐವಿಯನ್ನು ಬಿಟ್ಟರು. ಕೆಲವೇ ಗಂಟೆಗಳಲ್ಲಿ ಆ ಕೋಶಗಳು ಉರಿಯೂತದ ವಸ್ತುಗಳನ್ನು ಸ್ರವಿಸಿದವು. ಆ ಸ್ರಾವದಿಂದಲೇ ಅವುಗಳ ನಡುವಿನ ಬಿಗಿಹೊಲಿಗೆ ಬಿಚ್ಚತೊಡಗಿತು. ವೈರಸ್ ಬಾಗಿಲನ್ನು ಒಡೆಯಬೇಕಾಗಿಲ್ಲ. ಕಾವಲುಗಾರನ ಗಾಬರಿಯಿಂದಲೇ ಅಗಳಿ ಕಳಚುತ್ತದೆ.

ಗೋಡೆಯ ಪದರಗಳ ನಡುವೆ ಲ್ಯಾಂಗರ್‌ಹಾನ್ಸ್ ಎಂಬ ಕಾವಲುಕೋಶಗಳಿವೆ. ಅವುಗಳ ಕಥೆಯೂ ಹೀಗೆಯೇ. ನೆದರ್ಲೆಂಡ್ಸ್ ವಿಜ್ಞಾನಿಗಳು 2007ರಲ್ಲಿ ಕಂಡುಕೊಂಡಂತೆ, ಇವು ಸಾಮಾನ್ಯವಾಗಿ ವೈರಸ್ಸನ್ನು ಹಿಡಿದು ನುಂಗಿ ಜೀರ್ಣಿಸಿಬಿಡುತ್ತವೆ. ಆದರೆ ವೈರಸ್ಸಿನ ಸಂಖ್ಯೆ ಮಿತಿಮೀರಿದಾಗ, ಅಥವಾ ಸುತ್ತ ಉರಿಯೂತವಿದ್ದಾಗ, ಅದನ್ನು ಸಿಡಿ4 ಕೋಶಗಳ ಕೈಗೆ ದಾಟಿಸುವ ದೂತರೂ ಆಗಿಬಿಡುತ್ತವೆ.

ಹಾಗಿದ್ದರೂ ಈ ಕಾವಲು ಎಷ್ಟು ಸಮರ್ಥವಾದುದು ಎಂಬುದನ್ನು ಮರೆಯಬಾರದು. ಸೋಂಕಿದ್ದು ಚಿಕಿತ್ಸೆಯಲ್ಲಿಲ್ಲದ ಗಂಡಿನಿಂದ ಹೆಣ್ಣಿಗೆ ಒಂದು ಸಲದ ಕೂಟದಲ್ಲಿ ವೈರಸ್ ತಗುಲುವ ಸಂಭವ ಸರಾಸರಿ ಹತ್ತು ಸಾವಿರಕ್ಕೆ ಸುಮಾರು 8. ಬರುವ ವೈರಸ್ ಕಣಗಳು ಅಸಂಖ್ಯ. ಆದರೂ ಸೋಂಕಾದ ಹತ್ತು ಜನರಲ್ಲಿ ಏಳೆಂಟು ಜನರ ಮೈಯಲ್ಲಿ ನೆಲೆಯೂರಿ ವಂಶ ಬೆಳೆಸಿದ್ದು ಒಂದೇ ಒಂದು ಕಣ ಎಂದು ವೈರಸ್ಸಿನ ವಂಶವಾಹಿಗಳ ಪರಿಶೀಲನೆಯಿಂದ ತಿಳಿದಿದೆ. ಉಳಿದವೆಲ್ಲ ಬಾಗಿಲಲ್ಲೇ ಸತ್ತವು. ಆದರೆ ಇದು ಸರಾಸರಿಯ ಮಾತು, ನೆಮ್ಮದಿಯ ಮಾತಲ್ಲ. ದಾಂಪತ್ಯ ಒಂದು ದಿನದ್ದಲ್ಲ, ವರ್ಷಗಳದ್ದು. ಗಂಡನಿಗೆ ಸೋಂಕು ಹೊಸದಾಗಿದ್ದರೆ, ಇಬ್ಬರಲ್ಲಿ ಯಾರಿಗಾದರೂ ಗುಹ್ಯಾಂಗದಲ್ಲಿ ಹುಣ್ಣಿದ್ದರೆ, ಸಂಭವ ಹಲವು ಪಟ್ಟು ಏರುತ್ತದೆ.

ಗದ್ದಲವೇ ಅಪಾಯವಾದರೆ ಶಾಂತಿಯೇ ರಕ್ಷಣೆಯಾಗಬೇಕಷ್ಟೆ? ಇದಕ್ಕೆ ಸಾಕ್ಷಿ ದೊರೆತದ್ದು ಆಫ್ರಿಕದ ನೈರೋಬಿಯಲ್ಲಿ. ಕೆನಡಾದ ಮಾನಿಟೋಬ ಮತ್ತು ಕೀನ್ಯಾದ ನೈರೋಬಿ ವಿಶ್ವವಿದ್ಯಾನಿಲಯಗಳ ಸಂಶೋಧಕರು ಅಲ್ಲಿನ ಪುಮ್‌ವಾನಿ ಬಡಾವಣೆಯ ಲೈಂಗಿಕ ವೃತ್ತಿಯ ಮಹಿಳೆಯರನ್ನು 1980ರ ದಶಕದಿಂದ ಅಧ್ಯಯನ ಮಾಡುತ್ತ ಬಂದರು. ವರ್ಷಗಟ್ಟಲೆ ವೈರಸ್ಸಿಗೆ ಒಡ್ಡಿಕೊಂಡರೂ ಸೋಂಕು ತಗುಲದ ಕೆಲವರು ಅವರಲ್ಲಿದ್ದರು. ಇವರ ರಕ್ಷಣಾಪಡೆ ಇತರರದಕ್ಕಿಂತ ಉಗ್ರವಾಗಿರಬಹುದೆಂದು ಊಹಿಸಿದವರಿಗೆ ಕಂಡದ್ದು ಬೇರೆ. ಇವರ ಸಿಡಿ4 ಕೋಶಗಳು ಹೆಚ್ಚು ಶಾಂತವಾಗಿದ್ದವು. ಜನನಾಂಗದ ಸ್ರಾವದಲ್ಲಿ ಉರಿಯೂತವನ್ನು ತಣಿಸುವ ಪ್ರೋಟೀನುಗಳು ಹೆಚ್ಚಾಗಿದ್ದವು. ಅದೇ ಮಾನಿಟೋಬ ವಿಶ್ವವಿದ್ಯಾನಿಲಯ 2003ರಲ್ಲಿ ನಮ್ಮ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯೊಂದಿಗೆ ಸೇರಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟನ್ನು ಕಟ್ಟಿತೆಂಬುದನ್ನು ನೆನೆದರೆ, ನೈರೋಬಿ ನಮಗೆ ಅಷ್ಟು ದೂರವಲ್ಲ.

ಇದರ ಮತ್ತೊಂದು ಮುಖ ದಕ್ಷಿಣ ಆಫ್ರಿಕದಲ್ಲಿ ಕಂಡಿತು. ಜನನಾಂಗದಲ್ಲಿ ಉರಿಯೂತದ ಲಕ್ಷಣಗಳಿದ್ದ ಮಹಿಳೆಯರಿಗೆ ಎಚ್‌ಐವಿ ತಗುಲುವ ಸಂಭವ ಮೂರು ಪಟ್ಟಿಗೂ ಹೆಚ್ಚೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದಕ್ಕೂ ಮೊದಲು ಒಂದು ಕಹಿ ಪಾಠವಾಗಿತ್ತು. ನಾನಾಕ್ಸಿನಾಲ್-9 ಎಂಬ ರಾಸಾಯನಿಕ ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ವೈರಸ್ಸನ್ನು ಕೊಲ್ಲುತ್ತಿತ್ತು. ಅದನ್ನು ಯೋನಿಯಲ್ಲಿ ಬಳಸಿದರೆ ರಕ್ಷಣೆ ಸಿಕ್ಕೀತೆಂದು ಹಲವು ದೇಶಗಳಲ್ಲಿ ಪರೀಕ್ಷಿಸಿದರು. 2000ದಲ್ಲಿ ಫಲಿತಾಂಶ ಬಂತು: ಅದನ್ನು ಬಳಸಿದವರಲ್ಲೇ ಸೋಂಕು ಹೆಚ್ಚು. ಮದ್ದು ವೈರಸ್ಸಿನೊಂದಿಗೆ ಗೋಡೆಯನ್ನೂ ಕೆಡಿಸಿತ್ತು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಮೈಸೂರಿನ ಸುತ್ತಮುತ್ತಲ ಯುವತಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪರೀಕ್ಷೆಗೊಳಗಾದವರ ಪೈಕಿ ಸುಮಾರು ಐದರಲ್ಲೊಂದು ಪಾಲಿಗೆ ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್ ಎಂಬ ತೊಂದರೆಯಿತ್ತು. ಹುಳಿ ಕಾಯುವ ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗಿ, ಬೇರೆ ಬ್ಯಾಕ್ಟೀರಿಯಗಳು ಮನೆಯನ್ನು ಆಕ್ರಮಿಸಿಕೊಳ್ಳುವ ಸ್ಥಿತಿ ಅದು. ಆಗ ಕಂದಕ ಬತ್ತುತ್ತದೆ. ಗೋಡೆ ಸದಾ ಕೂಗುತ್ತಿರುತ್ತದೆ. ವೈರಸ್ ಬರುವ ಮೊದಲೇ ಜನ ಜಮಾಯಿಸಿರುತ್ತಾರೆ. ಗುಹ್ಯಾಂಗದ ಇತರ ಸೋಂಕುಗಳೂ ಇದೇ ಸ್ಥಿತಿಯನ್ನು ತರುತ್ತವೆ.

ನಮ್ಮ ಹಳ್ಳಿಯ ಹೆಂಗಸರು ಇಂಥವಕ್ಕೆಲ್ಲ 'ಬಿಳಿ ಸೆರಗು' ಎಂಬ ಒಂದೇ ಮಾತನ್ನು ಬಳಸುತ್ತಾರೆ. ಎಂಥ ನಾಜೂಕಿನ ಮಾತು! ಆದರೆ ಸೆರಗೆಂದರೆ ಮುಚ್ಚುವಂಥದು. ಮಾತು ಮುಚ್ಚಿತು, ರೋಗವೂ ಮುಚ್ಚಿಹೋಯಿತು. ಸಹಜವಾದ ಸ್ರಾವ ಎಲ್ಲ ಹೆಂಗಸರಿಗೂ ಉಂಟು, ಅದು ರೋಗವಲ್ಲ. ದುರ್ಗಂಧ, ತುರಿ, ಉರಿ, ಬಣ್ಣದ ಬದಲಾವಣೆ ಇದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಬಹುಪಾಲಿಗೆ ಸಾಮಾನ್ಯ ಮಾತ್ರೆಗಳಲ್ಲೇ ಗುಣವುಂಟು. ಸೋಪು, ಔಷಧದ ನೀರು ಹಾಕಿ ಒಳಗನ್ನು ತೊಳೆಯುವುದು ಶುಚಿಯೆಂದು ಕೆಲವರು ತಿಳಿದಿದ್ದಾರೆ. ಅದು ಕಾವಲಿನವರನ್ನೇ ಹೊರಹಾಕಿದಂತೆ. ಇಷ್ಟು ಮಾಡಿದರೆ ಎಚ್‌ಐವಿ ಬಾರದೆಂದು ನಾನು ಹೇಳುತ್ತಿಲ್ಲ. ಕಾಂಡೋಮಿಗೆ ಇದು ಬದಲಿಯಲ್ಲ. ಆದರೆ ಗೋಡೆ ಶಾಂತವಾಗಿರುವುದು ತನ್ನಷ್ಟಕ್ಕೇ ಒಂದು ಆರೋಗ್ಯ.

ಔಷಧಗಳಿಂದಲೂ ಈಗ ಬಾಗಿಲನ್ನು ಕಾಯಬಹುದಾಗಿದೆ. ಮೈಸೂರಿನ ಆಶೋದಯ ಸಮಿತಿ ಲೈಂಗಿಕ ವೃತ್ತಿಯವರೇ ನಡೆಸುವ ಸಂಸ್ಥೆ. ಅಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಸೋಂಕು ತಡೆಯುವ ಮಾತ್ರೆಯನ್ನು ಪ್ರತಿದಿನ ಸೇವಿಸಿದ ಪ್ರಾಯೋಗಿಕ ಯೋಜನೆಯಲ್ಲಿ ಒಬ್ಬರಿಗೂ ಹೊಸದಾಗಿ ಎಚ್‌ಐವಿ ತಗುಲಲಿಲ್ಲ. 2024ರಲ್ಲಿ ಪ್ರಕಟವಾದ ಇನ್ನೊಂದು ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು: ಲೆನಕಾಪವಿರ್ ಎಂಬ ಔಷಧವನ್ನು ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡ ದಕ್ಷಿಣ ಆಫ್ರಿಕ ಮತ್ತು ಉಗಾಂಡದ ಎರಡು ಸಾವಿರಕ್ಕೂ ಹೆಚ್ಚು ತರುಣಿಯರಲ್ಲಿ ಒಂದೇ ಒಂದು ಸೋಂಕೂ ಕಾಣಲಿಲ್ಲ.

ಸೋಂಕು ತಗುಲಿದವರಿಗೂ ದಾರಿ ಮುಚ್ಚಿಲ್ಲ. ನಮ್ಮ ಸರ್ಕಾರ 2004ರಿಂದ ಎಆರ್‌ಟಿ ಎಂಬ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಪತ್ತೆಯಾದವರೆಲ್ಲರಿಗೂ ಕೊಡುತ್ತಿದೆ. ಮಾತ್ರೆಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಸ್ ಪತ್ತೆಗೇ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಂಭವ ನೂರಕ್ಕೆ 15ರಿಂದ 45. ಚಿಕಿತ್ಸೆಯಿಂದ ಅದು 5ಕ್ಕಿಂತ ಕೆಳಗಿಳಿಯುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ರೋಗಿಯ ಗುಟ್ಟನ್ನು ಕಾಪಾಡುತ್ತದೆ, ತಾರತಮ್ಯವನ್ನು ನಿಷೇಧಿಸುತ್ತದೆ. ಕೇಳಲು ಸಂಕೋಚವಿರುವವರು 1097 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಬಹುದು.

ಯಳಂದೂರಿನ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ಬೆಳಗಿದವಳು ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಆಕೆ 'ಹದಿಬದೆಯ ಧರ್ಮ'ವನ್ನು ಬರೆದಳು. ಸತಿಯ ಧರ್ಮವನ್ನು ವಿವರಿಸುವ ಆ ಕಾವ್ಯದಲ್ಲೇ, ಹೆಣ್ಣೆಂದು ಹೀಗಳೆಯುವವರನ್ನು ಆಕೆ ತರಾಟೆಗೆ ತೆಗೆದುಕೊಂಡಳು. ನಾನು ಆ ಕಾವ್ಯವನ್ನು ಎಷ್ಟೋ ವರ್ಷ ಪಾಠ ಹೇಳಿದೆ. ಹದಿಬದೆಯ ಧರ್ಮವನ್ನು ಅಕ್ಷರಶಃ ಪಾಲಿಸಿದ ಹೆಣ್ಣೊಬ್ಬಳಿಗೆ ಆ ಧರ್ಮವೇ ರಕ್ಷೆಯಾಗದೆ ಹೋಗಬಹುದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಅದನ್ನು ಕಲಿಸಿದವಳು ಹೆಸರು ತಿಳಿಯದ ಆ ಬಸುರಿ.

ಅವಳಿಗೆ ಹೇಳಲೆಂದು ನನ್ನ ಶಿಷ್ಯೆಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟದ್ದು ಇಷ್ಟೆ: 'ನಿನ್ನ ಮೈ ಸುಮ್ಮನೆ ಬಿಟ್ಟುಕೊಡಲಿಲ್ಲ ತಾಯಿ. ಕಾವಲು ಮಲಗಿರಲಿಲ್ಲ. ಎಷ್ಟೋ ಸಲ ಅದು ಗೆದ್ದಿರಬೇಕು, ನಿನಗೆ ತಿಳಿದಿಲ್ಲ. ಸೋತ ದಿನವೂ ಅದು ಕೂಗಿ ಸಹಾಯ ಕರೆಯಿತು. ಸಹಾಯಕ್ಕೆ ಬಂದವರನ್ನೇ ಹಿಡಿಯುವ ಕಳ್ಳ ಅವನು. ತಪ್ಪು ನಿನ್ನ ಮೈಯದಲ್ಲ.'

ಶಿಷ್ಯೆ ಓದಿನೋಡಿ, "ಇದನ್ನ ಓದಿ ಹೇಳಲ್ಲ ಮೇಷ್ಟ್ರೆ, ಬಾಯಲ್ಲೇ ಹೇಳ್ತೀನಿ" ಎಂದು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಮೊನ್ನೆ ಸಿಕ್ಕಿದಾಗ ಒಂದು ಸುದ್ದಿ ತಂದಿದ್ದಳು. ಆ ತಾಯಿ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಿಲ್ಲ. ಹದಿನೆಂಟು ತಿಂಗಳು ತುಂಬಿದ ಮೇಲೆ ಮಗುವಿಗೆ ಮಾಡಿದ ಕೊನೆಯ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದಿದೆ.

(ಆಕಾಶವಾಣಿ ಭಾಷಣ)